ನೀಲಿಯ ನಡುವೆ ಬಿಳಿಯನ್ನು ಕಾಯುವ ಕಲೆ

ಬಟ್ಟೆಗೆ ಬಣ್ಣವೇರಿಸುವುದು ಒಂದು ವಿದ್ಯೆಯಾದರೆ, ಬೇಕಾದೆಡೆಯಲ್ಲಿ ಬಣ್ಣವೇರದಂತೆ ತಡೆಯುವುದು ಮತ್ತೊಂದು ವಿದ್ಯೆ. ಈ ಎರಡರಲ್ಲಿ ಹೆಚ್ಚು ಕಠಿನವಾದುದು ಎರಡನೆಯದೇ. ಜಪಾನಿನ ಹಳೆಯ ಹತ್ತಿಬಟ್ಟೆಯೊಂದನ್ನು ಕಣ್ಣೆದುರಿಗೆ ತಂದುಕೊಳ್ಳಿ. ಇರುಳಿನ ಆಕಾಶದಂತಹ ಗಾಢ ನೀಲಿಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಕೊಕ್ಕರೆ. ಅದರ ಕೆಳಗೆ ಬಾಲದಲ್ಲಿ ಪಾಚಿಯ ಎಳೆಗಳನ್ನು ಎಳೆದುಕೊಂಡು ಹೊರಟ ಒಂದು ಆಮೆ. ಬಿಳಿಯ ಬಣ್ಣದಿಂದ ಯಾರೋ ಚಿತ್ರ ಬರೆದಿರಬೇಕೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಆ ಬಟ್ಟೆಯ ಮೇಲೆ ಬಿಳಿಯ ಬಣ್ಣದ ಒಂದು ಹನಿಯೂ ಇಲ್ಲ. ಕಾಣುತ್ತಿರುವ ಬಿಳಿ ಹತ್ತಿಯ ಸ್ವಂತ ಬಿಳಿ. ನೀಲಿಯ ಬಾನಿಯಲ್ಲಿ ಹತ್ತಾರು ಸಲ ಮುಳುಗಿ ಎದ್ದರೂ ಆ ಭಾಗ ಮಾತ್ರ ತನ್ನ ಮೂಲರೂಪವನ್ನು ಉಳಿಸಿಕೊಂಡಿದೆ. ಅದನ್ನು ಕಾಯ್ದುದು ಯಾವುದು? ಅಕ್ಕಿಯ ಹಿಟ್ಟು ಮತ್ತು ತವುಡು!

ಹೀಗೆ ತಡೆಯೊಡ್ಡಿ ಬಣ್ಣ ಹಾಕುವ ಮಾರ್ಗಗಳು ಮುಖ್ಯವಾಗಿ ಮೂರು. ಬಟ್ಟೆಯನ್ನು ಹಿಡಿದು, ಮಡಿಸಿ, ದಾರದಿಂದ ಬಿಗಿದು ಅದ್ದುವುದು ಒಂದು. ನಮ್ಮ ಗುಜರಾತ್ ರಾಜಸ್ಥಾನಗಳ ಬಾಂಧನಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಜಪಾನೀಯರು ಇದನ್ನು ಷಿಬೊರಿ ಎನ್ನುವರು. ನಗೋಯಾದ ಬಳಿಯ ಅರಿಮತ್ಸು ಎಂಬ ಊರು ೧೬೦೮ರಲ್ಲಿ ಹೆದ್ದಾರಿಯ ಪಕ್ಕದಲ್ಲಿ ಹುಟ್ಟಿದ್ದು. ದಾರಿಹೋಕರಿಗೆ ಕಟ್ಟುಬಣ್ಣದ ಬಟ್ಟೆಗಳನ್ನು ಮಾರಿಯೇ ಅದು ಬದುಕಿತು. ಎರಡನೆಯದು, ನೇಯುವ ಮೊದಲೇ ನೂಲನ್ನು ಅಲ್ಲಲ್ಲಿ ಕಟ್ಟಿ ಬಣ್ಣದಲ್ಲದ್ದುವುದು. ಇದು ಕಸುರಿ. ಕುರುಮೆ ಎಂಬಲ್ಲಿ ಇದನ್ನು ಬೆಳೆಸಿದವಳು ಇನೊಯೆ ದೆನ್ ಎಂಬಾಕೆ (೧೭೮೮-೧೮೬೯). ಹನ್ನೆರಡು ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ಹಳೆಯ ಉಡುಪೊಂದರಲ್ಲಿ ಬಣ್ಣ ಹೋಗಿ ಬಿಳಿಯ ಚುಕ್ಕೆಗಳು ಮೂಡಿದ್ದುದನ್ನು ಆಕೆ ಕಂಡಳಂತೆ. ಬೇರೆ ಯಾರಾದರೂ ಆಗಿದ್ದರೆ ಬಟ್ಟೆ ಹಳೆಯದಾಯಿತೆಂದು ಎಸೆಯುತ್ತಿದ್ದರು. ಆಕೆ ಅದರ ನೂಲನ್ನು ಬಿಚ್ಚಿ, ಬಿಳಿಯ ಭಾಗಗಳು ಎಲ್ಲೆಲ್ಲಿ ಬಂದಿವೆಯೆಂದು ನೋಡಿದಳು. ಮೂರನೆಯ ಮಾರ್ಗವೇ ಅಕ್ಕಿಯಂಟಿನದು. ಚಿತ್ರಗಾರನ ಕೈಗೆ ಹೆಚ್ಚಿನ ಸ್ವಾತಂತ್ರ್ಯವನ್ನು ಕೊಡುವುದೂ, ವಿಜ್ಞಾನದ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದೂ ಅದೇ ಆದುದರಿಂದ ಈ ಲೇಖನದಲ್ಲಿ ಅದಕ್ಕೇ ಹೆಚ್ಚಿನ ಸ್ಥಳ.

ಮೊದಲು ನೀಲಿಯ ವಿಚಾರ. ನಮ್ಮ ದೇಶದ ನೀಲಿ ಗಿಡ ಅವರೆ ತೊಗರಿಗಳ ಬಳಗಕ್ಕೆ ಸೇರಿದ ಇಂಡಿಗೊಫೆರ. ಜಪಾನಿನದು ಅದಲ್ಲ; ಪಾಲಿಗೋನಮ್ ಬಳಗದ, ಮೊಳಕಾಲೆತ್ತರದ, ಸಣ್ಣ ಗುಲಾಬಿ ಹೂವಿನ ಒಂದು ವಾರ್ಷಿಕ ಸಸ್ಯ. ಇವೆರಡಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಎರಡರ ಎಲೆಯಲ್ಲಿಯೂ ಇಂಡಿಕಾನ್ ಎಂಬ ಒಂದೇ ವಸ್ತು ಅಡಗಿರುವುದು ಪ್ರಕೃತಿಯ ವೈಚಿತ್ರ್ಯ. ಇಂಡಿಕಾನಿಗೆ ಬಣ್ಣವಿಲ್ಲ. ಎಲೆಯನ್ನು ಜಜ್ಜಿದಾಗ ಎಲೆಯೊಳಗಿನ ಕಿಣ್ವವೊಂದು ಅದರಿಂದ ಸಕ್ಕರೆಯ ಭಾಗವನ್ನು ಕಳಚುತ್ತದೆ. ಉಳಿದ ಇಂಡಾಕ್ಸಿಲ್ ಗಾಳಿಯ ಆಮ್ಲಜನಕದೊಡನೆ ಸೇರಿ, ಎರಡೆರಡು ಅಣುಗಳು ಕೂಡಿಕೊಂಡು, ನೀಲಿಯಾಗುತ್ತದೆ.

ಷಿಕೊಕು ದ್ವೀಪದ ಅವಾ ಎಂಬ ಪ್ರಾಂತ, ಅಂದರೆ ಈಗಿನ ತೊಕುಷಿಮಾ, ಈ ಬೆಳೆಯ ತವರು. ಏಕೆ ಅಲ್ಲಿಯೇ? ಉತ್ತರ ಯೊಷಿನೊ ನದಿಯಲ್ಲಿದೆ. ಪ್ರತಿ ಶರತ್ಕಾಲದಲ್ಲಿ ಚಂಡಮಾರುತಗಳು ಬಂದಾಗ ಆ ನದಿ ಉಕ್ಕಿ, ಕೊಯ್ಲಿಗೆ ಸಿದ್ಧವಾಗುತ್ತಿದ್ದ ಬತ್ತವನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ನೀಲಿಯ ಗಿಡವಾದರೋ ಬೇಸಿಗೆಯಲ್ಲೇ ಕೊಯ್ಲಿಗೆ ಬರುವುದು. ಬೆಳೆ ಮನೆ ಸೇರಿದ ಮೇಲೆ ಪ್ರವಾಹ ಬಂದರೆ ಬರಲಿ; ಅದು ಹೊಲಕ್ಕೆ ಹೊಸ ಮೆಕ್ಕಲುಮಣ್ಣನ್ನು ತಂದು ಹಾಕಿ ಉಪಕಾರವನ್ನೇ ಮಾಡುತ್ತಿತ್ತು. ಅವಾ ಪ್ರಾಂತದ ಒಡೆಯರಾದ ಹಚಿಸುಕಾ ಮನೆತನದವರು ಈ ಬೆಳೆಗೆ ಆಶ್ರಯವಿತ್ತು, ಅದರಿಂದ ಬಂದ ಹಣದಿಂದ ತಮ್ಮ ಬೊಕ್ಕಸವನ್ನೂ ತುಂಬಿಕೊಂಡರು.

ಕೊಯ್ದ ಎಲೆಯನ್ನು ಒಣಗಿಸಿಟ್ಟು, ಸೆಪ್ಟೆಂಬರ್ ವೇಳೆಗೆ ಅದನ್ನು ಒಂದು ವಿಶೇಷ ಕೊಟ್ಟಿಗೆಯ ನೆಲದ ಮೇಲೆ ರಾಶಿ ಹಾಕುವರು. ಆ ನೆಲಕ್ಕೆ ‘ಮಲಗುವ ಹಾಸಿಗೆ’ ಎಂದೇ ಹೆಸರು. ನೀರು ಚಿಮುಕಿಸಿ, ನಾಲ್ಕೈದು ದಿನಗಳಿಗೊಮ್ಮೆ ರಾಶಿಯನ್ನು ಮಗುಚಿ, ಚಳಿ ಹೆಚ್ಚಿದಾಗ ಹುಲ್ಲಿನ ಚಾಪೆಯನ್ನು ಹೊದಿಸುತ್ತಾರೆ. ರಾಶಿಯೊಳಗೆ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗಿ ಉಷ್ಣತೆ ೬೦-೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುವುದು. ಕೊಟ್ಟಿಗೆಯ ಬಾಗಿಲು ತೆರೆದರೆ ಅಮೋನಿಯದ ಘಾಟಿಗೆ ಕಣ್ಣು ಬಿಡಲಾಗದು. ಸುಮಾರು ನೂರು ದಿನಗಳಾದ ಮೇಲೆ ಎಲೆಯ ಬಹುಭಾಗ ಕೊಳೆತು ಹೋಗಿ, ನೀಲಿಯನ್ನು ಒಳಗೊಂಡ ಕಪ್ಪು ಮಣ್ಣಿನಂತಹ ಗೊಬ್ಬರವೊಂದು ಉಳಿಯುವುದು. ಇದಕ್ಕೆ ಸುಕುಮೊ ಎಂದು ಹೆಸರು. ಹುಲ್ಲಿನ ಚೀಲಗಳಲ್ಲಿ ತುಂಬಿ ದೂರದೂರದ ಬಣ್ಣಗಾರರಿಗೆ ಕಳಿಸುತ್ತಿದ್ದುದು ಇದನ್ನೇ. ಹಸಿಯೆಲೆ ಎರಡು ದಿನದಲ್ಲಿ ಕೆಟ್ಟೀತು. ಸುಕುಮೊ ವರ್ಷಗಟ್ಟಲೆ ನಿಲ್ಲಬಲ್ಲುದು.

ಆದರೆ ಸುಕುಮೊವನ್ನು ಹಾಗೆಯೇ ನೀರಿನಲ್ಲಿ ಕದಡಿ ಬಟ್ಟೆ ಅದ್ದಿದರೆ ಬಣ್ಣ ಹತ್ತುವುದಿಲ್ಲ. ನೀಲಿ ನೀರಿನಲ್ಲಿ ಕರಗುವ ವಸ್ತುವಲ್ಲ. ಕರಗದುದು ನೂಲಿನ ಎಳೆಯೊಳಗೆ ಹೊಗಲಾರದು. ಆದುದರಿಂದ ಮೊದಲು ಅದನ್ನು ಕರಗುವ ರೂಪಕ್ಕೆ ತಿರುಗಿಸಬೇಕು. ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ನೀಲಿಯನ್ನು ಅಪಕರ್ಷಿಸಬೇಕು. ಹಾಗೆ ಅಪಕರ್ಷಣಗೊಂಡ ನೀಲಿ ಕ್ಷಾರದ್ರವದಲ್ಲಿ ಕರಗಿ ಹಳದಿಮಿಶ್ರಿತ ಹಸಿರು ದ್ರವವಾಗುತ್ತದೆ. ಬಟ್ಟೆ ಈ ದ್ರವದಲ್ಲಿ ನೆನೆದು ಹೊರಬಂದಾಗ ಹಸುರಾಗಿಯೇ ಇರುವುದು. ನೋಡನೋಡುತ್ತಿದ್ದಂತೆ ಗಾಳಿಯ ಆಮ್ಲಜನಕ ತಗಲಿ ಹಸುರು ಮಾಸಿ ನೀಲಿ ಹರಡಿಕೊಳ್ಳುತ್ತದೆ. ಕರಗಿದ್ದುದು ಮತ್ತೆ ಕರಗದ ನೀಲಿಯಾಗಿ ಎಳೆಯೊಳಗೇ ಸೆರೆಯಾಗುತ್ತದೆ. ಒಂದು ಅದ್ದಿಗೆಗೆ ತೆಳುನೀಲಿ. ಅದ್ದಿ, ಹಿಂಡಿ, ಗಾಳಿಗೆ ಹಿಡಿದಷ್ಟೂ ಬಣ್ಣ ಆಳವಾಗುವುದು. ಈ ಮೆಟ್ಟಿಲುಗಳಿಗೆಲ್ಲ ಜಪಾನೀ ಭಾಷೆಯಲ್ಲಿ ಬೇರೆಬೇರೆ ಹೆಸರುಗಳುಂಟು. ಬಹುತೇಕ ಕಪ್ಪೆನ್ನಿಸುವ ‘ಕಚಿ’ ಎಂಬ ನೀಲಿ ಸಮುರಾಯಿ ಯೋಧರಿಗೆ ಪ್ರಿಯವಾಗಿತ್ತು. ಆ ಭಾಷೆಯಲ್ಲಿ ‘ಕಚಿ’ ಎಂದರೆ ಗೆಲುವು ಎಂದೂ ಅರ್ಥ.

ಅಪಕರ್ಷಣ ಮಾಡುವವರಾರು? ಈಗಿನ ಕಾರ್ಖಾನೆಗಳಲ್ಲಿ ಸೋಡಿಯಂ ಹೈಡ್ರೊಸಲ್ಫೈಟಿನಂತಹ ರಾಸಾಯನಿಕಗಳು. ಹಳೆಯ ಬಾನಿಯಲ್ಲಿ ಬ್ಯಾಕ್ಟೀರಿಯಗಳು. ಬಣ್ಣಗಾರ ಸುಕುಮೊವನ್ನು ಮರದ ಬೂದಿಯ ತಿಳಿನೀರಿನೊಡನೆ ಕಲಸಿ, ನೆಲದಲ್ಲಿ ಹೂತ ಮಣ್ಣಿನ ಬಾನಿಗೆ ಹೊಯ್ದು, ಗೋದಿಯ ತವುಡು, ಸುಣ್ಣ, ಒಂದಿಷ್ಟು ಅಕ್ಕಿಯ ಮದ್ಯ ಇವನ್ನು ಸೇರಿಸುವನು. ತವುಡೂ ಮದ್ಯವೂ ಸೂಕ್ಷ್ಮಜೀವಿಗಳ ಆಹಾರಕ್ಕೆ. ಬೂದಿನೀರು, ಸುಣ್ಣ ಕ್ಷಾರಕ್ಕೆ. ಚಳಿಗಾಲದಲ್ಲಿ ನಾಲ್ಕು ಬಾನಿಗಳ ನಡುವಣ ಗುಂಡಿಯಲ್ಲಿ ಹೊಟ್ಟಿನ ಬೆಂಕಿಯಿಟ್ಟು ಹದವಾದ ಬಿಸುಪನ್ನು ಕಾಯ್ದುಕೊಳ್ಳುವರು. ವಾರ ಹತ್ತು ದಿನಗಳಲ್ಲಿ ದ್ರವದ ಮೇಲೆ ನೇರಳೆ ಮಿಂಚಿನ ನೊರೆಯ ಗುಪ್ಪೆಯೊಂದು ಕಟ್ಟಿಕೊಳ್ಳುತ್ತದೆ. ‘ನೀಲಿಯ ಹೂ’ ಅರಳಿತು ಎಂದು ಬಣ್ಣಗಾರ ಸಂತೋಷಪಡುತ್ತಾನೆ.

ಈ ಬಾನಿಯ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಅದರ ಪಿ.ಎಚ್. ಬೆಲೆ ೧೦ನ್ನೂ ಮೀರುವುದು. ಸಾಮಾನ್ಯ ಜೀವಿಗಳು ಅದರಲ್ಲಿ ಬದುಕಲಾರವು. ಆ ಕಾರಣದಿಂದಲೇ ಬಾನಿ ಕೊಳೆತುಹೋಗುವುದಿಲ್ಲ. ಕ್ಷಾರಪ್ರಿಯವಾದ ಕೆಲವೇ ಬ್ಯಾಕ್ಟೀರಿಯಗಳಿಗೆ ಅದು ಮೀಸಲಾದ ಮನೆ. ಜಪಾನಿನ ವಿಜ್ಞಾನಿಗಳು ಇಂತಹ ಬಾನಿಗಳಿಂದ ಬೇರ್ಪಡಿಸಿದ ಆಲ್ಕಲಿಬ್ಯಾಕ್ಟೀರಿಯಂ ಕುಲದ ಹೊಸ ಪ್ರಭೇದಗಳನ್ನು ೨೦೦೪-೦೫ರಲ್ಲಿ ವರ್ಣಿಸಿದರು. ಬಣ್ಣಗಾರರಿಗೆ ಈ ಹೆಸರುಗಳೇನೂ ಗೊತ್ತಿರಲಿಲ್ಲ. ಅವರು ಬಾನಿಯನ್ನು ಮೂಸಿ ನೋಡಿ, ಒಂದು ಹನಿಯನ್ನು ನಾಲಗೆಗೆ ಹಚ್ಚಿ ಕ್ಷಾರದ ಕಾರವನ್ನು ಪರೀಕ್ಷಿಸಿ, ಇಂದು ಸುಣ್ಣ ಬೇಕೋ ತವುಡು ಬೇಕೋ ನಿರ್ಧರಿಸುತ್ತಿದ್ದರು. ಒಂದೇ ದಿನ ಹೆಚ್ಚು ಬಟ್ಟೆ ಅದ್ದಿದರೆ ಬಾನಿ ‘ದಣಿಯುತ್ತದೆ’. ಅದಕ್ಕೆ ವಿಶ್ರಾಂತಿ ಕೊಡಬೇಕು. ಬಾನಿ ಕೆಟ್ಟರೆ ತಿಂಗಳುಗಳ ಶ್ರಮ ಮಣ್ಣುಪಾಲು. ಇಷ್ಟು ಅನಿಶ್ಚಿತವಾದ ವೃತ್ತಿಗೆ ದೇವರೊಬ್ಬ ಬೇಡವೆ? ಬಣ್ಣಗಾರರು ಪೂಜಿಸುತ್ತಿದ್ದುದು ಐಜೆನ್ ಎಂಬ ಬೌದ್ಧ ದೇವತೆಯನ್ನು. ‘ಐ’ ಎಂದರೆ ಪ್ರೀತಿ ಎಂದೂ, ಬೇರೆ ಅಕ್ಷರದಲ್ಲಿ ಬರೆದರೆ ನೀಲಿ ಎಂದೂ ಅರ್ಥವಾಗುವುದರಿಂದ ಪ್ರೇಮದ ದೇವತೆ ನೀಲಿಗಾರರ ದೇವತೆಯೂ ಆದನು. ಈತನ ಸಂಸ್ಕೃತದ ಹೆಸರು ರಾಗರಾಜ. ನಮ್ಮ ‘ರಾಗ’ ಶಬ್ದಕ್ಕೂ ಪ್ರೀತಿ, ಬಣ್ಣ ಎರಡೂ ಅರ್ಥಗಳಿರುವುದನ್ನು ನೆನೆದರೆ ಈ ಶ್ಲೇಷೆ ಕನ್ನಡಿಗರಿಗೂ ರುಚಿಸದಿರದು.

ಇನ್ನು ಅಂಟಿನ ವಿಷಯ. ಅಂಟುಗುಣ ಹೆಚ್ಚಾದ ಒಂದು ಜಾತಿಯ ಅಕ್ಕಿಯ ಹಿಟ್ಟನ್ನು ನಯವಾದ ತವುಡಿನೊಡನೆ ಕಲಸಿ, ನಡುವೆ ತೂತಿರುವ ಉಂಡೆಗಳನ್ನಾಗಿ ಮಾಡಿ ಬೇಯಿಸುವರು. ನಮ್ಮ ಉದ್ದಿನವಡೆಗೆ ಇರುವಂತೆ ಇಲ್ಲಿಯೂ ತೂತು ಇರುವುದು ಒಳಗಿನವರೆಗೆ ಸಮನಾಗಿ ಬೇಯಲೆಂದು. ಬೆಂದುದನ್ನು ಕುಟ್ಟಿ ನಾದಿ, ಉಪ್ಪನ್ನೂ ಕೊಂಚ ಸುಣ್ಣವನ್ನೂ ಬೆರೆಸಿದರೆ ಅಂಟು ಸಿದ್ಧ. ಈ ಅಕ್ಕಿಯ ಪಿಷ್ಟದಲ್ಲಿ ಬಹುಪಾಲು ಕವಲೊಡೆದ ಅಣುಗಳಿಂದಾದ ಅಮೈಲೊಪೆಕ್ಟಿನ್; ಬಟ್ಟೆಯನ್ನು ಬಿಡದೆ ಹಿಡಿಯುವ ಗುಣ ಅದರದು. ಪಿಷ್ಟವೊಂದೇ ಆದರೆ ಒಣಗಿದಾಗ ಬಿರಿದು, ಕೊನೆಗೆ ತೊಳೆಯಲೂ ಬಾರದೆ ತೊಂದರೆ ಕೊಡುವುದು. ತವುಡು ಆ ಬಿಗಿಯನ್ನು ಸಡಿಲಿಸುತ್ತದೆ. ಉಪ್ಪು ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು ಅಂಟು ಬಿರಿಯದಂತೆ ನೋಡಿಕೊಳ್ಳುತ್ತದೆ; ಆದುದರಿಂದ ಒಣಹವೆಯ ದಿನ ಉಪ್ಪು ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಅಡುಗೆಯವನ ಕೈಯಳತೆಯಂತೆ ಇದೂ ಅನುಭವದ ಮಾತು.

ಅಂಟು ನೀರಿನಲ್ಲಿ ಬಿಡುವ ಪದಾರ್ಥವಲ್ಲವೆ, ಬಾನಿಯಲ್ಲಿ ಏಕೆ ಕರಗುವುದಿಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಇಲ್ಲಿಯೇ ನೀಲಿಗೂ ಅಕ್ಕಿಯಂಟಿಗೂ ಇರುವ ಹೊಂದಾಣಿಕೆ ಕಾಣುವುದು. ಬೇರು ತೊಗಟೆಗಳ ಬಣ್ಣಗಳಲ್ಲಿ ಅನೇಕಕ್ಕೆ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಕುದಿಸಬೇಕು. ಕುದಿನೀರಿನಲ್ಲಿ ಅಕ್ಕಿಯಂಟು ಗಂಜಿಯಾದೀತು. ನೀಲಿಯ ಬಾನಿ ಬೆಚ್ಚಗಿರುವುದಷ್ಟೆ, ಬಿಸಿಯಲ್ಲ. ಅದ್ದಿಗೆಯೂ ಸ್ವಲ್ಪ ಹೊತ್ತಿನದು. ಪೂರ್ತಿ ಒಣಗಿ ಗಟ್ಟಿಯಾದ ಅಂಟು ಅಷ್ಟು ಹೊತ್ತು ತಡೆದು ನಿಲ್ಲಬಲ್ಲುದು. ಜೊತೆಗೆ ಹತ್ತಿಗೆ ಬೇರೆ ಸಸ್ಯವರ್ಣಗಳು ಹತ್ತಬೇಕಾದರೆ ಪಟಿಕದಂತಹ ಸಹಾಯಕ ವಸ್ತುಗಳು ಬೇಕು. ನೀಲಿಗೆ ಅದರ ಅಗತ್ಯವಿಲ್ಲ. ಹದಿನೈದು ಹದಿನಾರನೆಯ ಶತಮಾನಗಳಿಂದ ಜಪಾನಿನಲ್ಲಿ ಹತ್ತಿ ಹರಡುತ್ತ ಬಂದಂತೆ ಹಳ್ಳಿಹಳ್ಳಿಗೂ ನೀಲಿಯಂಗಡಿ ಬಂದುದು ಈ ಕಾರಣದಿಂದ. ೧೮೭೪ರಲ್ಲಿ ಟೋಕಿಯೋವಿಗೆ ರಸಾಯನಶಾಸ್ತ್ರ ಕಲಿಸಲು ಬಂದ ಬ್ರಿಟಿಷ್ ವಿಜ್ಞಾನಿ ಆಟ್ಕಿನ್ಸನ್ ಜನರ ಉಡುಪೆಲ್ಲ ನೀಲಿಯಾಗಿರುವುದನ್ನು ಕಂಡು ಬೆರಗಾದನು. ‘ಜಪಾನ್ ನೀಲಿ’ ಎಂಬ ಹೆಸರು ಅವನಿಂದ ಬಂದುದೆಂದು ಹೇಳುವರು.

ಅಂಟನ್ನು ಬಟ್ಟೆಗೆ ಹಚ್ಚುವ ರೀತಿ ಎರಡು. ಕಾಗದದ ಒಂದು ಶಂಕುವಿನ ತುದಿಗೆ ಲೋಹದ ಮೂತಿಯನ್ನು ಜೋಡಿಸಿ, ಅದರಿಂದ ಅಂಟನ್ನು ಹಿಸುಕುತ್ತ ನೇರವಾಗಿ ಚಿತ್ರ ಬರೆಯುವುದು ತ್ಸುತ್ಸುಗಾಕಿ. ಮದುವಣಗಿತ್ತಿಯ ಹಾಸಿಗೆಯ ಹೊದಿಕೆ, ಪೆಟ್ಟಿಗೆಯ ಮುಸುಕು, ಉಡುಗೊರೆ ಕಟ್ಟುವ ಚೌಕ, ಕೂಸಿಗೆ ಮೀಯಿಸಿ ಸುತ್ತುವ ಬಟ್ಟೆ, ಹಬ್ಬದ ಬಾವುಟ, ಅಂಗಡಿಯ ಬಾಗಿಲುತೆರೆ — ಇವೆಲ್ಲ ಈ ವಿಧಾನದವು. ಬಡವರ ಮನೆಯಲ್ಲಿಯೂ ಮಗಳ ಮದುವೆಗೆ ಒಂದೆರಡು ಬಟ್ಟೆಗಳನ್ನು ಬರೆಸುತ್ತಿದ್ದರು. ಸಾವಿರ ವರ್ಷ ಬಾಳುವುದೆಂಬ ಕೊಕ್ಕರೆ, ಹತ್ತು ಸಾವಿರ ವರ್ಷದ ಆಮೆ, ಹಿಮದಲ್ಲೂ ಹಸುರಾದ ದೇವದಾರು, ಬಾಗಿದರೂ ಮುರಿಯದ ಬಿದಿರು, ಚಳಿಯಲ್ಲೇ ಹೂ ಬಿಡುವ ಪ್ಲಮ್ ಗಿಡ — ಹೀಗೆ ತಾಯಿತಂದೆಗಳು ಬಾಯಲ್ಲಿ ಹೇಳುವ ಹರಕೆಯನ್ನೇ ಬಣ್ಣಗಾರ ಬಟ್ಟೆಯ ಮೇಲೆ ಬರೆಯುತ್ತಿದ್ದನು.

ನನಗೆ ಎಲ್ಲಕ್ಕಿಂತ ಮೆಚ್ಚಾದುದು ಬೆಂಕಿ ನಂದಿಸುವವರ ಅಂಗಿ. ಮರ ಮತ್ತು ಕಾಗದದ ಮನೆಗಳಿಂದ ತುಂಬಿದ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋವಿನಲ್ಲಿ, ಬೆಂಕಿ ಬೀಳದ ಚಳಿಗಾಲವೇ ಇರಲಿಲ್ಲ. ಹಲವು ಪದರಗಳನ್ನು ಹೊಲಿದ ದಪ್ಪ ಹತ್ತಿಯಂಗಿಯನ್ನು ತೊಟ್ಟು, ಅದನ್ನು ನೀರಿನಲ್ಲಿ ತೋಯಿಸಿಕೊಂಡು ಅವರು ಉರಿಯೊಳಗೆ ನುಗ್ಗುತ್ತಿದ್ದರು. ಆಗ ಹೊರಗೆ ಕಾಣುತ್ತಿದ್ದುದು ಸಾದಾ ನೀಲಿ. ಮಳೆಯನ್ನು ತರುವ ಘಟಸರ್ಪವೋ ವೀರನೊಬ್ಬನ ಚಿತ್ರವೋ ಒಳಮೈಯಲ್ಲಿ, ಬೆನ್ನಿಗೆ ತಾಗಿಕೊಂಡಿರುತ್ತಿತ್ತು. ಬೆಂಕಿ ಆರಿದ ಮೇಲೆ ಅಂಗಿಯನ್ನು ತಿರುವಿ ತೊಟ್ಟು ಬೀದಿಯಲ್ಲಿ ನಡೆಯುವರು. ಆಗ ಚಿತ್ರ ಜನರ ಕಣ್ಣಿಗೆ ಬೀಳುವುದು.

ಅಂಟು ಹಚ್ಚುವ ಎರಡನೆಯ ರೀತಿ ಕತಝೊಮೆ. ಕೊರೆದ ಹಾಳೆಯನ್ನು ಬಟ್ಟೆಯ ಮೇಲಿಟ್ಟು ಅಂಟನ್ನು ಬಳಿದರೆ ರಂಧ್ರಗಳ ಮೂಲಕ ಅದು ಬಟ್ಟೆಗೆ ಇಳಿಯುವುದು. ರಂಧ್ರವಿದ್ದೆಡೆ ಬಿಳಿ, ಉಳಿದೆಡೆ ನೀಲಿ. ಹಾಳೆ ಸಾಮಾನ್ಯ ಕಾಗದದ್ದಾದರೆ ಒದ್ದೆಯಂಟಿನಲ್ಲಿ ಎರಡು ಸಲಕ್ಕೇ ಹರಿದೀತು. ಹಿಪ್ಪುನೇರಳೆಯ ಬಂಧುವಾದ ಒಂದು ಮರದ ನಾರಿನಿಂದ ಮಾಡಿದ ಕಾಗದವನ್ನು, ನಾರು ಅಡ್ಡಡ್ಡವಾಗಿ ಬರುವಂತೆ ಮೂರು ಪದರ ಅಂಟಿಸಿ, ಹೊಗೆಗಿಟ್ಟು ಪಕ್ವಗೊಳಿಸುವರು. ಅಂಟಿಸಲು ಬಳಸುವುದು ಎಳೆಯ ಪರ್ಸಿಮನ್ ಕಾಯಿಯ ಒಗರು ರಸ. ನಮ್ಮಲ್ಲಿ ಬೀಡಿಗೆ ಎಲೆಯೊದಗಿಸುವ ತೆಂಡು ಮರದ ಕುಲಕ್ಕೇ ಸೇರಿದ ಮರ ಇದು. ರಸದ ಟ್ಯಾನಿನ್ ಒಣಗಿ ಗಟ್ಟಿಯಾಗಿ, ಕಾಗದಕ್ಕೆ ನೀರು ತಾಗದಂತೆ ಮಾಡುತ್ತದೆ.

ಈ ಹಾಳೆಗಳನ್ನು ಕೊರೆಯುವ ಕೆಲಸ ಬಹುಕಾಲ ಇಸೆ ಸೀಮೆಯ ಷಿರೊಕೊ, ಜಿಕೆ ಎಂಬ ಎರಡು ಊರುಗಳಲ್ಲಿ ನೆಲೆಸಿತ್ತು. ಈಗ ಅವು ಸುಜುಕಾ ನಗರದ ಭಾಗಗಳು. ಅಲ್ಲಿನ ವ್ಯಾಪಾರಿಗಳು ಕಿಷು ಸಂಸ್ಥಾನದ ರಕ್ಷಣೆ ಪಡೆದು ದೇಶದ ಮೂಲೆಮೂಲೆಗೂ ಹಾಳೆಗಳನ್ನು ಹೊತ್ತು ಮಾರುತ್ತಿದ್ದರು. ಅತಿ ಸೂಕ್ಷ್ಮವಾದ ಹಾಳೆಗಳಲ್ಲಿ ಒಂದು ಚದರ ಸೆಂಟಿಮೀಟರಿನಷ್ಟು ಸ್ಥಳದಲ್ಲಿ ನೂರರ ಹತ್ತಿರ ರಂಧ್ರಗಳುಂಟು. ಒಂದನ್ನು ತಪ್ಪಿದರೆ ಇಡೀ ಹಾಳೆ ವ್ಯರ್ಥ. ಜರ್ಮನಿಯ ಡ್ರೆಸ್ಡೆನ್ನಿನ ವಸ್ತುಸಂಗ್ರಹಾಲಯವೊಂದರಲ್ಲೇ ಇಂತಹ ಹದಿನೈದು ಸಾವಿರಕ್ಕೂ ಹೆಚ್ಚು ಹಾಳೆಗಳಿವೆ. ಬಣ್ಣ ಹಾಕಿದ ಬಟ್ಟೆ ಹರಿದು ಚಿಂದಿಯಾಯಿತು, ಅದನ್ನು ಹುಟ್ಟಿಸಿದ ಕಾಗದ ಉಳಿಯಿತು.

ಕೊರೆಯುವಲ್ಲಿ ಒಂದು ಜ್ಯಾಮಿತಿಯ ತೊಡಕುಂಟು. ಉಂಗುರವೊಂದನ್ನು ಕೊರೆದರೆ ನಡುವಣ ಬಿಲ್ಲೆ ಕಳಚಿ ಬೀಳುವುದಲ್ಲವೆ? ಅದನ್ನು ಹಿಡಿದು ನಿಲ್ಲಿಸಲು ಅಲ್ಲಲ್ಲಿ ಕಾಗದದ ಸೇತುವೆಗಳನ್ನು ಬಿಡಬೇಕು. ಬಿಟ್ಟರೆ ಅವು ಬಟ್ಟೆಯ ಮೇಲೂ ಗೆರೆಗಳಾಗಿ ಕಾಣುವುವು. ಒಂದು ಪರಿಹಾರ, ಒಂದೇ ಚಿತ್ರಕ್ಕೆ ಎರಡು ಹಾಳೆ ಕೊರೆದು, ಮೊದಲನೆಯದರ ಸೇತುವೆಗಳನ್ನು ಎರಡನೆಯದರ ಅಂಟಿನಿಂದ ಮುಚ್ಚುವುದು. ಇನ್ನೊಂದು, ಹಾಳೆಯನ್ನು ಎರಡು ಪದರವಾಗಿ ಬಿಡಿಸಿ, ನಡುವೆ ರೇಷ್ಮೆಯ ಎಳೆಗಳನ್ನು ಹಾಯಿಸಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮತ್ತೆ ಅಂಟಿಸುವುದು. ಎಳೆ ಎಷ್ಟು ಸಣ್ಣದೆಂದರೆ ಅಂಟು ಅದರ ಕೆಳಗೆ ಹರಿದು ಕೂಡಿಕೊಳ್ಳುತ್ತದೆ.

ವಿನ್ಯಾಸಗಳ ಅರ್ಥವನ್ನು ನಿಘಂಟಿನಂತೆ ಪಟ್ಟಿಮಾಡುವ ಪುಸ್ತಕಗಳು ಬಹಳ. ಸೆಣಬಿನ ಜಾತಿಯ ಹೆಂಪ್ ಗಿಡದ ಎಲೆ, ಅಂದರೆ ಅಸಾನೊಹಾ, ಕೂಸಿನ ಬಟ್ಟೆಗೆ. ಏಕೆಂದರೆ ಆ ಗಿಡ ಬೇಗನೆ ನೆಟ್ಟಗೆ ಬೆಳೆಯುವುದು. ಮಾತು ನಿಜವೇ. ಆದರೆ ಈ ವಿನ್ಯಾಸಗಳು ಉಳಿದುಕೊಂಡುದಕ್ಕೆ ಅರ್ಥವೊಂದೇ ಕಾರಣವಲ್ಲವೆಂದು ನನ್ನ ಅಭಿಪ್ರಾಯ. ಒಂದು ಉಡುಪಿನ ಬಟ್ಟೆ ಸುಮಾರು ಹನ್ನೆರಡು ಮೀಟರ್ ಉದ್ದ. ಒಂದೇ ಹಾಳೆಯನ್ನು ಮತ್ತೆ ಮತ್ತೆ ಇಡುತ್ತ ಹೋಗಬೇಕು. ಕೂಡುವಲ್ಲಿ ಗೆರೆ ಕಾಣಬಾರದು. ಎಲ್ಲೆಯಿಲ್ಲದೆ ಹರಡಿಕೊಳ್ಳಬಲ್ಲ ವಿನ್ಯಾಸಗಳಿಗೇ ಇಲ್ಲಿ ಬೆಲೆ. ಅಸಾನೊಹಾವನ್ನು ನೀವೇ ಬರೆದು ನೋಡಬಹುದು. ಕಾಗದದ ತುಂಬ ಸಮಭುಜ ತ್ರಿಕೋನಗಳನ್ನು ಎಳೆಯಿರಿ. ಪ್ರತಿಯೊಂದರ ಮಧ್ಯಬಿಂದುವನ್ನು ಅದರ ಮೂರು ಮೂಲೆಗಳಿಗೆ ಸೇರಿಸಿ. ಅಷ್ಟೆ. ಆರಾರು ವಜ್ರಾಕೃತಿಗಳು ಕೂಡಿದ ನಕ್ಷತ್ರಗಳು ತಾವಾಗಿ ಎದ್ದು ಕಾಣುವುವು. ಒಂದನ್ನೊಂದು ಕಾಲುಕಾಲು ಭಾಗ ಛೇದಿಸುವ ವೃತ್ತಗಳ ವಿನ್ಯಾಸಕ್ಕೆ ಷಿಪ್ಪೋ ಎಂದು ಹೆಸರು; ಬೌದ್ಧ ಗ್ರಂಥಗಳ ‘ಸಪ್ತರತ್ನ’ದ ಜಪಾನೀ ರೂಪ ಅದು. ಸ್ವಸ್ತಿಕಗಳನ್ನು ಓರೆಯಾಗಿ ಹೆಣೆದ ವಿನ್ಯಾಸವೂ ಉಂಟು. ಭಾರತದಿಂದ ಹೋದುದು ಧರ್ಮವೊಂದೇ ಅಲ್ಲ: ಪೋರ್ಚುಗೀಸರೂ ಡಚ್ಚರೂ ಕೊಂಡೊಯ್ದ ಕೋರಮಂಡಲ ತೀರದ ಪಟ್ಟೆಬಟ್ಟೆಗೆ ಅಲ್ಲಿ ‘ಸಂತೊಮೆ’ ಎಂಬ ಹೆಸರು ನಿಂತಿತು. ಮದರಾಸಿನ ಮೈಲಾಪುರದ ಸಾನ್ ತೊಮೆಯೇ ಅದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಲೆಯ ಬುಡಕ್ಕೇ ಪೆಟ್ಟು ಬಿತ್ತು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ನೀಲಿಯ ಅಣುರಚನೆಯನ್ನು ೧೮೮೩ರಲ್ಲಿ ಬಿಡಿಸಿದನು; ೧೮೯೭ರಲ್ಲಿ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಬಂಗಾಳ ಬಿಹಾರಗಳ ನೀಲಿ ತೋಟಗಳನ್ನು ಮುಚ್ಚಿಸಿದ ಆ ಪುಡಿಯೇ ಅವಾ ಪ್ರಾಂತಕ್ಕೂ ಮುಟ್ಟಿತು. ೧೯೦೩ರ ಸುಮಾರಿಗೆ ತೊಕುಷಿಮಾದಲ್ಲಿ ಹದಿನೈದು ಸಾವಿರ ಹೆಕ್ಟೇರುಗಳಷ್ಟಿದ್ದ ಬೆಳೆ ೧೯೬೦ರ ದಶಕದ ನಡುವೆ ಕೆಲವೇ ಹೆಕ್ಟೇರುಗಳಿಗೆ ಇಳಿದಿತ್ತು.

ಅದಕ್ಕೂ ಮೊದಲೇ ಬೆಳೆ ಪೂರ್ತಿಯಾಗಿ ಅಳಿಯುವ ಗಂಡಾಂತರವೊಂದು ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಲಗಳಲ್ಲಿ ಆಹಾರಧಾನ್ಯವನ್ನೇ ಬೆಳೆಯಬೇಕೆಂದು ಆಜ್ಞೆಯಾಗಿ ನೀಲಿಯ ಬೇಸಾಯಕ್ಕೆ ನಿಷೇಧ ಬಿದ್ದಿತು. ಈ ಗಿಡದ ಬೀಜಕ್ಕೆ ಆಯುಸ್ಸು ಬಹಳ ಕಡಿಮೆ. ಒಂದೆರಡು ವರ್ಷ ಬಿತ್ತದಿದ್ದರೆ ಮೊಳೆಯುವ ಶಕ್ತಿಯೇ ಹೋಗುವುದು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಶಾಂತಿಕಾಲಕ್ಕೆ ಕಾಯುವಂತಿಲ್ಲ. ತೊಕುಷಿಮಾದಲ್ಲಿ ತಲೆತಲಾಂತರದಿಂದ ಸುಕುಮೊ ಮಾಡುತ್ತಿದ್ದ ಮನೆತನವೊಂದು ದೂರದ ಬೆಟ್ಟದ ನಡುವೆ, ಕಣ್ಣಿಗೆ ಬೀಳದ ತಾಣದಲ್ಲಿ, ವರ್ಷವರ್ಷವೂ ಒಂದಿಷ್ಟು ಗಿಡಗಳನ್ನು ಗುಟ್ಟಾಗಿ ಬೆಳೆಸಿ ಬೀಜವನ್ನು ಕಾಯ್ದಿತು. ಬಣ್ಣಕ್ಕಾಗಿ ಅಲ್ಲ, ಮುಂದಿನ ವರ್ಷದ ಬೀಜಕ್ಕಾಗಿ ಮಾತ್ರ. ಯುದ್ಧ ಮುಗಿದ ಮೇಲೆ ಅವಾ ನೀಲಿ ಮತ್ತೆ ತಲೆಯೆತ್ತಿದುದು ಆ ಬೀಜದಿಂದ.

ಸರ್ಕಾರ ಕಣ್ತೆರೆದುದು ಆಮೇಲೆ. ೧೯೫೫ರಲ್ಲಿ ಇಸೆಯ ಹಾಳೆ ಕೊರೆಯುವವರಲ್ಲಿ ಆರು ಮಂದಿಯನ್ನು ಈ ವಿದ್ಯೆಯ ರಕ್ಷಕರೆಂದು ಗುರುತಿಸಲಾಯಿತು. ಜನರು ಇಂತಹವರನ್ನು ‘ಜೀವಂತ ರಾಷ್ಟ್ರನಿಧಿ’ ಎನ್ನುವರು. ಅದೇ ವರ್ಷ ಮಿಯಾಗಿ ಪ್ರಾಂತದ ಚಿಬಾ ಅಯಾನೊ (೧೮೮೯-೧೯೮೦) ಎಂಬ ರೈತಮಹಿಳೆಗೂ ಆ ಗೌರವ ದೊರೆಯಿತು. ಬಾನಿಗೆ ಬೆಂಕಿಯ ಕಾವನ್ನೇ ಕೊಡದೆ, ಬೇಸಿಗೆಯ ಮೊದಲ ಬಿಸುಪಿಗೆ ತಾನಾಗಿ ಹುದುಗು ಬರುವವರೆಗೆ ಕಾದಿದ್ದು ಆಕೆ ಬಣ್ಣ ಹಾಕುತ್ತಿದ್ದಳು. ಮರುವರ್ಷ ಈ ಮನ್ನಣೆ ಪಡೆದ ಸೆರಿಜಾವಾ ಕೇಸುಕೆ (೧೮೯೫-೧೯೮೪) ಚಿತ್ರ ತೆಗೆಯುವುದು, ಹಾಳೆ ಕೊರೆಯುವುದು, ಬಣ್ಣ ಹಾಕುವುದು, ಹೀಗೆ ಮೂವರ ಕೆಲಸವನ್ನು ಒಬ್ಬನೇ ಮಾಡಿ ಕತಝೊಮೆಗೆ ಹೊಸ ದಾರಿ ತೆರೆದವನು. ಇಂದು ತೊಕುಷಿಮಾದಲ್ಲಿ ಸುಕುಮೊ ಮಾಡುವ ಮನೆಗಳು ಬೆರಳೆಣಿಕೆಯಷ್ಟು.

ಬಾನಿಗೂ ಮುಪ್ಪುಂಟು. ಹೊಸತರಲ್ಲಿ ಅದು ಗಾಢವಾದ ನೀಲಿಯನ್ನು ಕೊಡುವುದು. ತಿಂಗಳುಗಳು ಕಳೆದಂತೆ ದ್ರವದೊಳಗಿನ ನೀಲಿ ತೀರುತ್ತ ಬರುವುದು. ಕೊನೆಕೊನೆಗೆ ಅದ್ದಿದ ಬಟ್ಟೆಗೆ ನೀರಿನಲ್ಲಿ ಕಂಡ ಆಕಾಶದಷ್ಟು ತೆಳುವಾದ ಒಂದು ಛಾಯೆ ಮಾತ್ರ ಬರುತ್ತದೆ. ಅದರ ಹೆಸರು ಕಮೆನೊಜೊಕಿ: ‘ಬಾನಿಯೊಳಗೆ ಇಣಿಕಿ ನೋಡಿದ್ದು’. ಅದೂ ಮುಗಿದ ಮೇಲೆ ತಳದ ಗಷ್ಟನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವರು.